ನಮ್ಮ ಬೇಸ್‌ಮೆಂಟಿನಲ್ಲಿದ್ದ ಕ್ಯಾಚರ್

ಮೇ ನಾಲ್ಕು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅವನು ಬಂದ. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬಟ್ಟೆ. ಇನ್ನೊಂದು ಉದ್ದನೆಯದು, ಅದನ್ನು ಬಾಗಿಲ ಬಳಿ ಇಳಿಸಿದಾಗ ಒಳಗಿನ ಗಟ್ಟಿ ಸಾಮಾನುಗಳು ಒಂದಕ್ಕೊಂದು ತಾಗಿ ಸದ್ದಾಯಿತು.

"ಪಾತ್ರಿ ಪಡಗ ತಂದಾನೇನ್ ಇಂವಾ?" ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು.

ಪಾತ್ರೆಗಳಲ್ಲ. ಎದೆಗೂ ಮೊಣಕಾಲಿಗೂ ಕಟ್ಟಿಕೊಳ್ಳುವ ರಕ್ಷೆಗಳು, ಮತ್ತೆ ಮುಖಕ್ಕೆ ಹಾಕುವ, ಸರಳುಗಳ ಒಂದು ಮಾಸ್ಕ್. ಅವನು ಬೇಸ್‌ಬಾಲ್ ಆಟಗಾರ, ಕ್ಯಾಚರ್. ಸಮರ್‌ಸೆಟ್‌ನ ನಮ್ಮ ಮನೆಯಲ್ಲಿ ಎಪ್ಪತ್ತೊಂಬತ್ತು ದಿನ ಇದ್ದ. ಆ ಬೇಸಿಗೆಯಲ್ಲಿ ಅವನ ತಲೆಗೆ ಏನಾಗುತ್ತಿದೆ ಎಂಬುದು ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಗೊತ್ತಾದ ಮೇಲೆ ಯಾರಿಗೂ ಹೇಳದೆ ಇಪ್ಪತ್ತನಾಲ್ಕು ದಿನ ಇಟ್ಟುಕೊಂಡೆ. ಆ ದಿನಗಳ ಡೈರಿ ಈಗ ಎದುರಿಗಿದೆ, ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅವನಾಡುತ್ತಿದ್ದದ್ದು ಯಾವ ದೊಡ್ಡ ತಂಡಕ್ಕೂ ಸೇರದ ಒಂದು ಸಣ್ಣ ಲೀಗಿನಲ್ಲಿ. ಮೈದಾನ ನಮ್ಮ ಮನೆಯಿಂದ ಉತ್ತರಕ್ಕೆ ನಲವತ್ತು ನಿಮಿಷದ ಡ್ರೈವ್. ಅಲ್ಲಿ ಆಟಗಾರರಿಗೆ ಸಂಬಳವಿದೆ, ಆದರೆ ಮನೆ ಮಾಡಿಕೊಂಡು ಇರುವಷ್ಟಿಲ್ಲ. ಅದಕ್ಕೇ ಸುತ್ತಲಿನ ಕುಟುಂಬಗಳು ಬೇಸಿಗೆ ಮುಗಿಯುವ ತನಕ ಒಬ್ಬೊಬ್ಬನನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ. ಅಂಥವರಿಗೆ ಹೋಸ್ಟ್ ಫ್ಯಾಮಿಲಿ ಎನ್ನುತ್ತಾರೆ. ಟೌನ್‌ಶಿಪ್ ಲೈಬ್ರರಿಯಲ್ಲಿ ಅಂಟಿಸಿದ್ದ ನೋಟಿಸು ನೋಡಿ ಅಮ್ಮನೇ ಹೆಸರು ಕೊಟ್ಟು ಬಂದಿದ್ದಳು. ಅಪ್ಪನಿಗೆ ಹೇಳಿದ್ದು ಆಮೇಲೆ.

ಅಪ್ಪ ಮೈಸೂರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ವಿವರಿಸುತ್ತಿದ್ದರು: "ವಿಕೆಟ್ ಕೀಪರ್ ಇದ್ದಂಗೆ ಕಣಕ್ಕಾ. ವಿಕೆಟ್ ಒಂದು ಇರಲ್ಲ, ಅಷ್ಟೇ."

ಅಡುಗೆಮನೆಯಿಂದ ಅಮ್ಮ ಕೂಗಿದಳು: "ವಿಕೆಟ್ ಇಲ್ಲಂದ್ರ ಇಂವಾ ಅಲ್ಲಿ ಕುಂತು ಏನ್ ಕಾಯ್ತಾನ ಅಂತ ಕೇಳ್ರಿ!"

ಎರಡನೆಯ ಸಂಜೆ ಊಟದ ಮೇಜಿನಲ್ಲಿ ಅವನು ತನ್ನ ಕಥೆ ಹೇಳಿದ. ಅವನು ಮಾತಾಡುವುದು ಇಂಗ್ಲಿಷ್. ನಾನು ಡೈರಿ ಬರೆಯುವುದು ಕನ್ನಡದಲ್ಲಿ. ಹಾಗಾಗಿ ಅವನ ಮಾತೆಲ್ಲ ನನ್ನಲ್ಲಿ ಕನ್ನಡವಾಗಿಯೇ ಉಳಿದಿದೆ. ವಯಸ್ಸು ಮೂವತ್ತೊಂದು. ಹನ್ನೊಂದು ವರ್ಷದ ಆಟ, ಒಂಬತ್ತು ತಂಡ, ಎಲ್ಲವೂ ಕೆಳಗಿನ ದರ್ಜೆಯವು. ಒಂದೇ ಒಂದು ಸಲ ದೊಡ್ಡ ಲೀಗಿನ ತಂಡವೊಂದು ತನ್ನ ಕ್ಯಾಚರ್‌ಗೆ ಹುಷಾರಿಲ್ಲವೆಂದು ಇವನನ್ನು ಕರೆಸಿಕೊಂಡಿತು. ನಾಲ್ಕು ದಿನ ಅವರ ಜೊತೆ ಇದ್ದ. ಹೆಸರು ಹೊಲಿದ ಅಂಗಿ ತೊಟ್ಟ. ಚೆಂಡೆಸೆಯುವ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವಾಗ ಅವರ ಚೆಂಡುಗಳನ್ನು ಹಿಡಿದ. ಆಟದೊಳಗೆ ಮಾತ್ರ ಒಮ್ಮೆಯೂ ಇಳಿಸಲಿಲ್ಲ. ಐದನೆಯ ದಿನ ಹಳೆಯ ಕ್ಯಾಚರ್ ವಾಪಸ್ ಬಂದ.

"ಅಂದ್ರೆ ರೆಕಾರ್ಡ್‌ನಲ್ಲಿ ನೀನು ಇಲ್ಲವೇ ಇಲ್ಲ?" ಎಂದು ನಾನು ಕೇಳಿದೆ.

"ಆಟದೊಳಗೆ ಒಂದೇ ಒಂದು ಚೆಂಡು ಹಿಡಿದಿದ್ರೆ ಇರ್ತಿದ್ದೆ," ಎಂದ. ನಗುತ್ತಲೇ ಹೇಳಿದ. ಆದರೆ ತಟ್ಟೆಯಲ್ಲಿದ್ದ ಚಪಾತಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ಹೋದ, ತಿನ್ನಲಿಲ್ಲ.

ಅಮ್ಮನಿಗೆ ಅವತ್ತಿನಿಂದ ಅವನು "ಪಾಪ, ಆ ನಾಲ್ಕ್ ದಿನದ ಹುಡುಗ" ಆದ.

ಹೋಸ್ಟ್ ಫ್ಯಾಮಿಲಿಗೆ ತಂಡದವರು ಸೀಸನ್ ಪೂರ್ತಿ ಎರಡು ಸೀಟು ಕೊಡುತ್ತಾರೆ. ಬ್ಯಾಟರ್ ನಿಲ್ಲುವ ಜಾಗದ ಹಿಂದೆ, ಬಲೆಯ ಈಚೆ, ನಾಲ್ಕನೆಯ ಸಾಲು. ನಾನು ಕೆಲಸ ಮಾಡುವುದು ಹೊಸ ಔಷಧಗಳನ್ನು ರೋಗಿಗಳಿಗೆ ಕೊಟ್ಟು ನೋಡುವಾಗ ತುಂಬಿಸುವ ಫಾರ್ಮುಗಳನ್ನು ಪರಿಶೀಲಿಸುವ ಆಫೀಸಿನಲ್ಲಿ. ಯಾವ ದಿನ ಏನಾಯಿತು ಎಂಬುದರ ತಾಳೆ ನೋಡುವುದೇ ದಿನವಿಡೀ ಕೆಲಸ. ಅಪ್ಪ ಕಾಲೇಜಿನಲ್ಲಿದ್ದಾಗ ಕ್ರಿಕೆಟ್ ಸ್ಕೋರರ್ ಆಗಿದ್ದವರು. ಹಾಗಾಗಿ ಮನೆಯ ಮೈದಾನದ ಮೊದಲ ಆಟಕ್ಕೇ ನಾನು ಒಂದು ಬೇಸ್‌ಬಾಲ್ ಸ್ಕೋರ್‌ಬುಕ್ ಕೊಂಡುಕೊಂಡು ಹೋದದ್ದು ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಮೇ ಒಂಬತ್ತು, ಶುಕ್ರವಾರ. ಮೂರನೆಯ ಇನ್ನಿಂಗ್ಸ್. ಬ್ಯಾಟಿನ ಅಂಚು ಸವರಿದ ಚೆಂಡು ದಿಕ್ಕು ಬದಲಿಸಿ ನೇರ ಅವನ ಮಾಸ್ಕಿಗೆ ಬಡಿಯಿತು. ಬಾವಿಯೊಳಗೆ ಕೊಡ ಬಿದ್ದಂಥ ಸದ್ದು. ಸುತ್ತಲಿನವರು "ಓ" ಎಂದು ಮತ್ತೆ ತಮ್ಮ ತಮ್ಮ ಮಾತಿಗೆ ತಿರುಗಿಕೊಂಡರು. ಅವನು ಒಂದು ಕೈ ನೆಲಕ್ಕೆ ಊರಿ ಹಾಗೇ ಕುಳಿತಿದ್ದ. ಆಗ ಅವನ ಬೆನ್ನ ಹಿಂದೆ ನಿಂತಿದ್ದ ದಪ್ಪ ಮೀಸೆಯ ಅಂಪೈರ್ ನಿಧಾನವಾಗಿ ಮುಂದೆ ಬಂದು, ಪಿಚರ್‌ಗೆ ಬೆನ್ನು ಹಾಕಿ ಬಗ್ಗಿ, ಜೇಬಿನಿಂದ ಸಣ್ಣ ಬ್ರಷ್ ತೆಗೆದು ನೆಲದಲ್ಲಿ ಹುದುಗಿಸಿದ್ದ ಬಿಳಿ ಹೋಮ್ ಪ್ಲೇಟನ್ನು ಗುಡಿಸತೊಡಗಿದ. ಪ್ಲೇಟಿನ ಮೇಲೆ ಧೂಳೇ ಇರಲಿಲ್ಲ. ಒಂದು ನಿಮಿಷದ ಹಿಂದಷ್ಟೇ ಗುಡಿಸಿದ್ದ. ಆದರೂ ಮೂಲೆ ಮೂಲೆಯನ್ನೂ ಸಾವಕಾಶವಾಗಿ ಗುಡಿಸಿದ.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಕೇಳಿದೆ. ಅವನು ಚಮಚ ಕೆಳಗಿಟ್ಟು ಹೇಳಿದ: "ಅದು ಮರ್ಯಾದೆ. ಚೆಂಡು ನನಗೆ ಬಡಿದ್ರೆ ಅಂಪೈರ್ ಪ್ಲೇಟ್ ಗುಡಿಸ್ತಾನೆ. ಅವನಿಗೆ ಬಡಿದ್ರೆ ನಾನು ಪಿಚರ್ ಹತ್ತಿರ ನಡ್ಕೊಂಡು ಹೋಗಿ ಏನೋ ಮಾತಾಡ್ದಂಗೆ ಮಾಡ್ತೀನಿ. ಸುಧಾರಿಸ್ಕೊಳ್ಳೋಕೆ ಅರ್ಧ ನಿಮಿಷ. ನೋವಾಯ್ತಾ ಅಂತ ಯಾರೂ ಕೇಳಲ್ಲ. ಕೇಳಿದ್ರೆ ಎಲ್ಲರಿಗೂ ಗೊತ್ತಾಗುತ್ತಲ್ಲ."

"ಗೊತ್ತಾದ್ರೆ ಏನು?"

"ಡಾಕ್ಟರ್ ನೋಡ್ತಾರೆ. ಡಾಕ್ಟರ್ ನೋಡಿದ್ರೆ ಹತ್ತು ದಿನ ಕೂರಿಸ್ತಾರೆ. ಈ ಲೀಗಿನಲ್ಲಿ ಹತ್ತು ದಿನ ಯಾರಿಗೂ ಕಾಯಲ್ಲ. ಮರುದಿನಾನೇ ಇನ್ನೊಬ್ಬ ಕ್ಯಾಚರ್ ನನ್ನ ಲಾಕರ್‌ನಲ್ಲಿರ್ತಾನೆ."

ಎಷ್ಟು ಚೆಂದದ ಪದ್ಧತಿ ಎಂದು ಅಂದು ಬರೆದುಕೊಂಡಿದ್ದೇನೆ. ಅದರ ಕೆಳಗೇ, ಇಂಥ ಪೆಟ್ಟುಗಳಿಗೆ ಒಂದು ಗುರುತು ಬೇಕೆಂದು, ತಲೆ ಎಂಬುದಕ್ಕೆ "ತ" ಎಂದು ನಿಶ್ಚಯಿಸಿದ್ದೇನೆ. ಸ್ಕೋರ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ತ. ಅಂಪೈರ್ ಬಂದು ಗುಡಿಸಿದರೆ ಅದರ ಕೆಳಗೆ ಒಂದು ಗೆರೆ. ಮೇ ತಿಂಗಳು ಮುಗಿಯುವಾಗ ಹನ್ನೊಂದು ತ ಇದ್ದವು, ನಾಲ್ಕಕ್ಕೆ ಗೆರೆ. ಇದು ಮನೆಯ ಮೈದಾನದ ಲೆಕ್ಕ ಮಾತ್ರ. ಬಸ್ಸಿನಲ್ಲಿ ಹೋಗಿ ಆಡಿಬಂದ ಆಟಗಳಲ್ಲಿ ಏನಾಯಿತೋ ಗೊತ್ತಿಲ್ಲ.

ಜೂನಿನಲ್ಲಿ ಮನೆಯೊಳಗೆ ಒಂದೊಂದೇ ಬದಲಾವಣೆ ಶುರುವಾಯಿತು. ನಾನು ಅವನ್ನು ಬೇರೆ ಬೇರೆ ಪುಟಗಳಲ್ಲಿ ಬರೆದಿದ್ದೇನೆ. ಸೇರಿಸಿ ಓದಬೇಕೆಂದು ಆಗ ಹೊಳೆದಿರಲಿಲ್ಲ. ಬೇಸ್‌ಮೆಂಟಿನ ಎರಡು ಸಣ್ಣ ಕಿಟಕಿಗಳಿಗೆ ಅವನು ಟವೆಲ್ ಸಿಕ್ಕಿಸಿದ. ಸ್ಮೋಕ್ ಡಿಟೆಕ್ಟರಿನ ಹಸಿರು ಚುಕ್ಕೆಯ ಮೇಲೆ ಟೇಪ್ ಅಂಟಿಸಿದ. ಅಮ್ಮ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದರೆ ಮೇಜಿನ ಅಂಚು ಹಿಡಿದುಕೊಳ್ಳುತ್ತಿದ್ದ. ಜೂನ್ ಹನ್ನೆರಡರಂದು ಆಟಕ್ಕೆ ಹೊರಟವನು ಡ್ರೈವ್‌ವೇಯಲ್ಲಿ ಕಾರು ಶುರು ಮಾಡಿ, ಒಳಗೇ ಇಪ್ಪತ್ತು ನಿಮಿಷ ಕುಳಿತಿದ್ದ. ಏನಾಯಿತೆಂದು ನಾನು ಹೋಗಿ ನೋಡಿದರೆ ಫೋನಿನಲ್ಲಿ ಮೈದಾನದ ದಾರಿ ಹುಡುಕುತ್ತಿದ್ದ. ತಿಂಗಳಿನಿಂದ ದಿನಾ ಹೋಗಿ ಬರುವ ದಾರಿ. "ಟ್ರಾಫಿಕ್ ನೋಡ್ತಿದ್ದೆ," ಎಂದ. ಇರಬಹುದು ಅಂದುಕೊಂಡೆ.

ಅದೇ ವಾರ ಅವನು ನನ್ನ ಸ್ಕೋರ್‌ಬುಕ್ ನೋಡಬಹುದೇ ಎಂದು ಕೇಳಿದ. ಪುಟ ತಿರುವಿ, "ಇಷ್ಟು ನೀಟಾಗಿ ನಮ್ಮ ಕೋಚ್ ಕೂಡ ಬರೆಯಲ್ಲ," ಎಂದ. ಪ್ರತಿ ಆಟದ್ದೂ ಒಂದು ಪ್ರತಿ ಮಾಡಿ ಕೊಡುತ್ತೀಯಾ, ಎದುರಾಳಿ ಬ್ಯಾಟರ್‌ಗಳನ್ನು ಸ್ಟಡಿ ಮಾಡಬೇಕು ಎಂದ. ನನಗೆ ಹೆಮ್ಮೆಯಾಯಿತು. ಆಟ ಮುಗಿದು ಮನೆಗೆ ಬಂದ ಕೂಡಲೇ ಕುಳಿತು ಇನ್ನಿಂಗ್ಸ್ ಪ್ರಕಾರ, ಯಾರು ಏನು ಮಾಡಿದರು ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಟೈಪ್ ಮಾಡಿ, ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಅದು ಅಲ್ಲಿ ಇರುತ್ತಿರಲಿಲ್ಲ.

ಒಂದು ದಿನ ಅಂಚಿನ ಗುರುತಿನ ಮೇಲೆ ಬೆರಳಿಟ್ಟು ಕೇಳಿದ. "ಇದೇನು? ನಿಮ್ಮ ಭಾಷೆಯ ಅಕ್ಷರವಾ?"

"ಹೌದು."

"ಏನರ್ಥ?"

"ಒಳ್ಳೆ ಆಟ ಅಂತ," ಎಂದೆ. ಯಾಕೆ ಸುಳ್ಳು ಹೇಳಿದೆನೋ. ಅವನು ಪುಟದಲ್ಲಿದ್ದ ಮೂರನ್ನೂ ಎಣಿಸಿ ಖುಷಿಪಟ್ಟ.

ಜೂನ್ ಇಪ್ಪತ್ತೈದು, ಬುಧವಾರದ ಆಟದಲ್ಲಿ ಏಳನೆಯ ಇನ್ನಿಂಗ್ಸಿನ ಕೊನೆಯ ಔಟನ್ನು ನೋಡಿದವರು ಯಾರೂ ಮರೆಯಲಾರರು. ಎದುರಾಳಿಯೊಬ್ಬ ರನ್ನಿಗಾಗಿ ಮೂರನೆಯ ಬೇಸಿನಿಂದ ಹೋಮ್ ಪ್ಲೇಟಿನತ್ತ ಓಡಿ ಬಂದ. ಚೆಂಡು ದೂರದಿಂದ ಒಂದು ಸಲ ಪುಟಿದು ಬಂತು. ನಮ್ಮವನು ಅದನ್ನು ಹಿಡಿದು, ಧೂಳಿನಲ್ಲಿ ಉರುಳಿ, ಓಟಗಾರನ ಪಾದಕ್ಕೆ ಗ್ಲೌಸ್ ತಾಗಿಸಿದ. ಔಟ್. ಓಟಗಾರನ ಮೊಣಕಾಲು ಇವನ ಮಾಸ್ಕಿಗೆ ಬಡಿದಿತ್ತು. ಜನ ಎದ್ದು ನಿಂತು ಕೂಗಿದರು. ಕ್ರಿಕೆಟ್ಟಿನ ಹೊರತು ಯಾವುದಕ್ಕೂ ಏಳದ ಅಪ್ಪ ಕೂಡ ಎದ್ದು ಚಪ್ಪಾಳೆ ತಟ್ಟಿದರು. ಅಂಪೈರ್ ಬ್ರಷ್ ತೆಗೆಯುವ ಪ್ರಮೇಯ ಬರಲಿಲ್ಲ, ಇನ್ನಿಂಗ್ಸೇ ಮುಗಿದಿತ್ತು.

ಆ ಸಂಜೆ ಟೈಪ್ ಮಾಡುವಾಗ ನಾನೊಂದು ತಪ್ಪು ಮಾಡಿದೆ. ಸ್ಕೋರ್‌ಬುಕ್ಕಿನ ಸಾಲು ತಪ್ಪಿ, ಏಳನೆಯ ಇನ್ನಿಂಗ್ಸಿನ ಜಾಗದಲ್ಲಿ ಎಂಟನೆಯದರ ಕೊನೆಯ ಔಟನ್ನು ಬರೆದುಬಿಟ್ಟೆ: ಎಡಗಡೆಗೆ ಎತ್ತರದ ಚೆಂಡು, ಸುಲಭದ ಕ್ಯಾಚ್.

ಮರುದಿನ ಬೆಳಿಗ್ಗೆ ಅಪ್ಪ ಕಾಫಿ ಹಿಡಿದುಕೊಂಡು ಅವನನ್ನು ಕೇಳಿದರು: "ನಿನ್ನೆ ಸೆವೆಂತ್ ಇನ್ನಿಂಗ್ಸ್! ವಾಟ್ ಎ ಫಿನಿಷ್! ನೀನೇ ಹೇಳು, ಏನ್ ಅನ್ನಿಸ್ತು?"

ಅವನು ಒಂದು ಕ್ಷಣ ಮೇಜನ್ನು ನೋಡಿದ. ಆಮೇಲೆ ಆರಾಮವಾಗಿ ಹೇಳಿದ: "ಹೌದು ಅಂಕಲ್, ಎಡಗಡೆಗೆ ಹೋಯ್ತು ಚೆಂಡು. ಸುಲಭದ ಕ್ಯಾಚ್. ಅದೃಷ್ಟ ನಮ್ಮದು."

ಅಪ್ಪ ನಕ್ಕರು. ವಿನಯ ಅಂದುಕೊಂಡರು. "ನೋಡಿದ್ಯೇನೇ ಇವನ ಹಂಬಲ್‌ನೆಸ್ಸು?" ಎಂದು ನನ್ನ ಕಡೆ ತಿರುಗಿದರು. ನಾನು ಮೇಲೆ ಹೋಗಿ ಪ್ರಿಂಟ್ ತೆಗೆದು ನೋಡಿದೆ. ಅದರಲ್ಲಿದ್ದ ಮಾತು ಅವನ ಬಾಯಿಂದ ಅಕ್ಷರ ಬಿಡದೆ ಬಂದಿತ್ತು. ತಾನೇ ಉರುಳಿ ಮಾಡಿದ ಔಟು ಅವನಿಗೆ ನೆನಪಿರಲಿಲ್ಲ. ಅವನಲ್ಲಿ ಇದ್ದದ್ದು ನಾನು ಬರೆದುಕೊಟ್ಟ ಪುಟ ಮಾತ್ರ.

ಪ್ರತಿ ಆಟಕ್ಕೆ ಮೊದಲಿನ ಮೀಟಿಂಗಿನಲ್ಲಿ ಮ್ಯಾನೇಜರ್ ಕ್ಯಾಚರನ್ನೇ ಮೊದಲು ಕೇಳುವುದು: ನಿನ್ನೆ ಅವರ ನಾಲ್ಕನೆಯ ಬ್ಯಾಟರ್‌ಗೆ ಯಾವ ಚೆಂಡು ಹಾಕಿಸಿದೆ, ಏನಾಯಿತು? ಅವನು ಎರಡು ವಾರದಿಂದ ನನ್ನ ಪುಟವನ್ನು ಬಾಯಿಪಾಠ ಮಾಡಿ ಉತ್ತರ ಕೊಡುತ್ತಿದ್ದ. ನಾನು ಎಷ್ಟು ಚೆನ್ನಾಗಿ ಬರೆದರೆ ಅವನು ಅಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳಬಹುದಿತ್ತು.

ಮಧ್ಯಾಹ್ನ ಅವನು ಹೊರಡುವ ಮೊದಲು ಗ್ಯಾರೇಜಿನ ಬಳಿ ನಿಲ್ಲಿಸಿ, ನಿನ್ನೆಯ ಆಟ ನಿನಗೆ ನೆನಪಿದೆಯೇ ಎಂದು ಕೇಳಿದೆ. ಮೊದಲು ನಕ್ಕ. ಏಳನೆಯ ಇನ್ನಿಂಗ್ಸಿನಲ್ಲಿ ನಿಜವಾಗಿ ಆದದ್ದನ್ನು ಹೇಳಿದೆ. ನಗು ನಿಂತಿತು. "ನಾನಾ?" ಎಂದ. "ಮಾಡಿದ್ನಾ? ಔಟಾ?" ಆ ದನಿಯಲ್ಲಿ ಭಯಕ್ಕಿಂತ ಆಸೆ ಹೆಚ್ಚಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಒಬ್ಬ ಮನುಷ್ಯ ಬರುತ್ತಿದ್ದಾನೆ ಎಂದ. ದೊಡ್ಡ ತಂಡವೊಂದಕ್ಕೆ ಆಟಗಾರರನ್ನು ಹುಡುಕಿಕೊಡುವ ಸ್ಕೌಟ್. ಅವರ ಕೆಳದರ್ಜೆಯ ತಂಡದ ಕ್ಯಾಚರ್ ಕೈ ಮುರಿದುಕೊಂಡಿದ್ದಾನೆ. ಜುಲೈ ಇಪ್ಪತ್ತು, ಭಾನುವಾರದ ಆಟ ನೋಡಲು ಬರುತ್ತಾನೆ. "ಅಲ್ಲಿಂದ ಮೇಲಕ್ಕೆ ಒಂದೇ ಮೆಟ್ಟಿಲು. ಭಾನುವಾರದವರೆಗೆ ಅಷ್ಟೇ. ಆಮೇಲೆ ನೀನೇ ಕಾರಿನಲ್ಲಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು. ಪ್ರಾಮಿಸ್."

ನಾನು ಸರಿ ಎಂದೆ. ಅವತ್ತು ಜೂನ್ ಇಪ್ಪತ್ತಾರು. ಇಪ್ಪತ್ತನಾಲ್ಕು ದಿನಗಳ ಲೆಕ್ಕ ಅಲ್ಲಿಂದ. ನನ್ನ ಆಫೀಸಿನಲ್ಲಿ ಒಬ್ಬ ರೋಗಿಯ ಫಾರ್ಮಿನಲ್ಲಿ ಇಂಥದ್ದು ಕಂಡಿದ್ದರೆ ಒಂದು ಗಂಟೆಯೊಳಗೆ ಮೇಲಿನವರಿಗೆ ತಿಳಿಸುತ್ತಿದ್ದೆ. ಇಲ್ಲಿ ಆಟವಿದ್ದ ದಿನ ಪುಟ ಟೈಪ್ ಮಾಡುವುದನ್ನೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಸಿಕ್ಕಿಬೀಳುತ್ತಾನೆ. ಭಾನುವಾರದವರೆಗೆ ಎಂದು ಮಾತು ಕೊಟ್ಟಿದ್ದೇನೆ. ಹೀಗೆ ಯೋಚಿಸಿದ್ದೆ. ಅದು ಕೂಡ ಡೈರಿಯಲ್ಲಿದೆ, ನನ್ನದೇ ಅಕ್ಷರದಲ್ಲಿ.

ಅಮ್ಮನಿಗೆ ವಾಸನೆ ಬಡಿದಿತ್ತು. ಜುಲೈ ಎಂಟರಂದು ಸೊಪ್ಪು ಸೋಸುತ್ತ ಕೇಳಿದಳು: "ಖರೇ ಹೇಳು. ಆ ಹುಡುಗನ ತಲಿಗೆ ಏನರ ಆಗೇದೇನು?"

"ಮೈಗ್ರೇನ್ ಅಮ್ಮಾ. ಹಿ ಇಸ್ ಫೈನ್."

"ಮುಂಜಾನೆ ಎರಡು ಸರ್ತಿ ಕೇಳಿದ, ಅಂಕಲ್ ಆಫೀಸಿಗ್ ಹೋದ್ರೇನ್ ಅಂತ. ನಿಮ್ಮಪ್ಪ ಅವನ ಎದುರಿಗೇ ಕುಂತಿದ್ರು."

"ನಿದ್ದೆಗಣ್ಣಲ್ಲಿ ಇದ್ದಿರ್ಬೇಕು."

ಅಮ್ಮ ನನ್ನನ್ನು ನೋಡಿದಳು. "ನೀ ಎಲ್ಲಾ ಬರದ್ ಇಡಾಕಿ. ಏನೂ ಗೊತ್ತಿಲ್ಲ ಅಂತೀ," ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಜೂನಿನಲ್ಲಿ ಹದಿನೇಳು ತ. ಜುಲೈ ಹದಿನೆಂಟರ ಶುಕ್ರವಾರದವರೆಗೆ ಒಂಬತ್ತು. ಒಟ್ಟು ಮೂವತ್ತೇಳು. ಮೀಸೆಯ ಅಂಪೈರ್ ಈಗ ಗುಡಿಸುವ ಹೊತ್ತು ಹೆಚ್ಚಾಗಿತ್ತು. ಮೊದಮೊದಲು ಹದಿನೈದು ಇಪ್ಪತ್ತು ಸೆಕೆಂಡು. ಆ ಶುಕ್ರವಾರ ನನ್ನ ವಾಚಿನಲ್ಲಿ ಐವತ್ತೆರಡು. ಗುಡಿಸುತ್ತಲೇ ಅವನು ಕ್ಯಾಚರನ ಮುಖವನ್ನು ಕೆಳಗಿನಿಂದ ನೋಡುತ್ತಿದ್ದ, ಏನೋ ಕೇಳುತ್ತಿದ್ದ. ಕ್ಯಾಚರ್ ತಲೆಯಾಡಿಸುತ್ತಿದ್ದ. ಆ ಅಂಪೈರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮರ್ಯಾದೆ ಕೆಡಬಾರದೆಂದು ಅವನೂ ಸುಮ್ಮನಿದ್ದ. ಆ ಆಟ ನಮ್ಮವರು ಮೂರು–ಎರಡರಿಂದ ಗೆದ್ದರು. ಪುಟ ಟೈಪ್ ಮಾಡಿ ಮೆಟ್ಟಿಲ ಮೇಲೆ ಇಟ್ಟೆ.

ಶನಿವಾರ ಮಳೆ. ಆಟ ರದ್ದಾಯಿತು. ಇಡೀ ದಿನ ಅವನು ನಮ್ಮ ಜೊತೆಗೇ ಇದ್ದ. ಅಪ್ಪನ ಜೊತೆ ಇಸ್ಪೀಟಾಡಿದ, ಅಮ್ಮ ಮಾಡಿದ ಮಿರ್ಚಿ ಭಜಿ ನಾಲ್ಕು ತಿಂದು ಕಣ್ಣೀರು ಸುರಿಸಿದ. ಅಪ್ಪ ಛೇಡಿಸಿದರು: "ಅಷ್ಟು ಗಟ್ಟಿ ಚೆಂಡಿಗೆ ಹೆದರದವನು ಮೆಣಸಿನಕಾಯಿಗೆ ಅಳ್ತಾ ಇದ್ದಾನೆ ನೋಡೇ!" ಎಲ್ಲರೂ ನಕ್ಕೆವು. ನಾಳೆ ಒಂದು ದಿನ, ಆಮೇಲೆ ಮುಗಿಯಿತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಸೋಮವಾರಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ಕೂಡ ಗುಟ್ಟಾಗಿ ತೆಗೆದುಕೊಂಡಿದ್ದೆ.

ಭಾನುವಾರದ ಆಟ ಮಧ್ಯಾಹ್ನ ಒಂದೂವರೆಗೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತನಾಲ್ಕು ಡಿಗ್ರಿ ಬಿಸಿಲು. ಅಪ್ಪ ಅಮ್ಮ ಒಂದು ಗೃಹಪ್ರವೇಶಕ್ಕೆಂದು ವೆಸ್ಟ್ ವಿಂಡ್ಸರ್‌ಗೆ ಹೋಗಿದ್ದರು, ನಾನೊಬ್ಬಳೇ. ಸ್ಕೌಟ್ ನನಗಿಂತ ಒಂದು ಸಾಲು ಮುಂದೆ ಕುಳಿತಿದ್ದ. ಹುಲ್ಲಿನ ಟೋಪಿ, ಮಡಿಲಲ್ಲಿ ಒಂದು ನೋಟ್‌ಬುಕ್. ನನ್ನದಕ್ಕಿಂತ ಚಿಕ್ಕದು.

ಎರಡನೆಯ ಇನ್ನಿಂಗ್ಸಿನಲ್ಲಿ ಒಂದು ತ. ಗೆರೆ ಇಲ್ಲ. ಐದನೆಯದರಲ್ಲಿ ಇನ್ನೊಂದು, ಗದ್ದದ ಕಡೆಗೆ. ಮೀಸೆಯ ಅಂಪೈರ್ ಬ್ರಷ್ ತೆಗೆದ. ನಾನು ವಾಚ್ ನೋಡಲಿಲ್ಲ. ಎದ್ದು ಕೆಳಗೆ ಹೋಗಬೇಕು, ಈಗಲೇ ಹೇಳಬೇಕು ಅನ್ನಿಸಿತು. ಸ್ಕೌಟ್ ಏನೋ ಬರೆದುಕೊಂಡ. ನಾನು ಕುಳಿತೇ ಇದ್ದೆ.

ಆರನೆಯ ಇನ್ನಿಂಗ್ಸ್. ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಪಿಚರ್‌ಗೆ ಯಾವ ಚೆಂಡು ಹಾಕಬೇಕೆಂದು ಹೇಳುತ್ತಾನೆ. ಒಂದು ಬೆರಳೆಂದರೆ ವೇಗದ ನೇರ ಚೆಂಡು, ಎರಡೆಂದರೆ ನಿಧಾನವಾಗಿ ಬಂದು ಕೆಳಗೆ ಬೀಳುವುದು. ಅಷ್ಟು ವೇಗದ ಚೆಂಡನ್ನು ಕಣ್ಣಿನಿಂದ ನೋಡಿ ಹಿಡಿಯಲಾಗುವುದಿಲ್ಲ. ಏನು ಬರುತ್ತದೆಂದು ಮೊದಲೇ ಗೊತ್ತಿರಬೇಕು. ಅವನು ಬೆರಳು ತೋರಿಸಿದ. ಪಿಚರ್ ತಲೆಯಾಡಿಸಿದ. ಕ್ಯಾಚರ್, ಎರಡು ಬೆರಳಿನ ಚೆಂಡಿಗೆ ಕಾಯುವವನಂತೆ, ಗ್ಲೌಸನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದ. ಪಿಚರ್ ಎಸೆದದ್ದು ನೇರ ಚೆಂಡು. ಒಂದು ಬೆರಳು ತೋರಿಸಿ ಅವನೇ ಕೇಳಿದ್ದು ಅದನ್ನು ಎಂದು ಪಿಚರ್ ಆಮೇಲೆ ಹೇಳಿದ. ಕೇಳಿದ್ದು ಮರೆತಿತ್ತು.

ಚೆಂಡು ಗ್ಲೌಸಿನ ಮೇಲಿನಿಂದ ಹಾದು ಅವನ ಹೆಗಲ ಹಿಂದಿದ್ದ ಅಂಪೈರನ ಕುತ್ತಿಗೆಯ ಬುಡಕ್ಕೆ, ಎದೆರಕ್ಷೆ ಮುಗಿಯುವ ಜಾಗಕ್ಕೆ ಬಡಿಯಿತು. ಅಂಪೈರ್ ಸದ್ದಿಲ್ಲದೆ ಕುಸಿದ. ಬ್ಯಾಟರ್ ಬ್ಯಾಟ್ ಬಿಸಾಡಿ ಅವನತ್ತ ಬಗ್ಗಿದ. ಎರಡೂ ಕಡೆಯಿಂದ ಜನ ಓಡಿ ಬಂದರು. ಕ್ಯಾಚರ್ ಮಾತ್ರ ತಿರುಗಿ ನೋಡಲಿಲ್ಲ. ಗ್ಲೌಸ್ ತೆರೆದು ಅದರೊಳಗೆ ಚೆಂಡನ್ನು ಹುಡುಕುತ್ತಿದ್ದ. ಬೆರಳು ಹಾಕಿ ತಡಕಿದ.

ನಾನು ಸ್ಕೋರ್‌ಬುಕ್ ಹಿಡಿದುಕೊಂಡು ಮೆಟ್ಟಿಲಿಳಿದೆ. ಗೇಟಿನವನಿಗೆ ನನ್ನ ಗುರುತಿತ್ತು, ಬಿಟ್ಟ.

ಸ್ಟ್ಯಾಂಡಿನ ಕೆಳಗಿನ ಕೋಣೆಯಲ್ಲಿ ಅವನನ್ನು ಮೇಜಿನ ಮೇಲೆ ಕೂರಿಸಿದ್ದರು. ತಂಡದವರ ಗಾಯ ನೋವು ನೋಡಿಕೊಳ್ಳುವ ಟ್ರೈನರ್, ನನಗಿಂತ ಐದಾರು ವರ್ಷ ದೊಡ್ಡವಳು, ಕಣ್ಣಿಗೆ ಟಾರ್ಚ್ ಬಿಡುತ್ತಿದ್ದಳು. ನನ್ನನ್ನು ನೋಡಿ, "ಹೋಸ್ಟ್ ಫ್ಯಾಮಿಲಿ ಹೊರಗಿರಬೇಕು," ಎಂದಳು.

"ಅವಳಿರಲಿ," ಎಂದ ಅವನು ಬೇಗನೆ. "ಅವಳು ಇಲ್ಲೇ ಇರಲಿ."

ಟ್ರೈನರ್ ಒಂದು ಕಾಗದ ತೆಗೆದುಕೊಂಡಳು. "ನಿನ್ನೆಯ ಆಟದಲ್ಲಿ ಏನಾಯ್ತು ಹೇಳು."

ಅವನು ನನ್ನನ್ನು ನೋಡಿದ. ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳುವಾಗ ನೋಡುವ ಹಾಗೆ. ನಾನು ತಲೆಯನ್ನು ಅತ್ತಿತ್ತ ಸ್ವಲ್ಪವೇ ಆಡಿಸಿದ್ದರೂ ಅವನಿಗೆ ಅರ್ಥವಾಗುತ್ತಿತ್ತು. ನಾನು ನೆಲ ನೋಡಿದೆ.

"ಗೆದ್ವಿ," ಎಂದ. "ಮೂರು–ಎರಡು." ಆಮೇಲೆ ಇನ್ನಿಂಗ್ಸ್ ಪ್ರಕಾರ ಹೇಳುತ್ತ ಹೋದ. ಮೊದಲನೆಯದರಲ್ಲಿ ಇಬ್ಬರು ಸ್ಟ್ರೈಕ್‌ಔಟ್. ಎರಡನೆಯದರಲ್ಲಿ ಒಂದು ರನ್. ಎಲ್ಲೂ ತಡವರಿಸಲಿಲ್ಲ. ಶುಕ್ರವಾರದ ನನ್ನ ಪುಟ, ನನ್ನದೇ ವಾಕ್ಯಗಳು, ನಾನು ಕಾಮಾ ಹಾಕಿದ ಕಡೆ ಅವನೂ ಉಸಿರು ತೆಗೆದುಕೊಳ್ಳುತ್ತಿದ್ದ.

ಟ್ರೈನರ್ ಬರೆಯುವುದನ್ನು ನಿಲ್ಲಿಸಿದ್ದಳು. ನಿನ್ನೆ ಮೈದಾನದಲ್ಲಿ ನೀರು ನಿಂತು ಆಟವೇ ನಡೆದಿಲ್ಲವೆಂದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದಳು. ಆದರೂ ನಾಲ್ಕನೆಯ ಇನ್ನಿಂಗ್ಸಿನವರೆಗೆ ಅವನನ್ನು ತಡೆಯಲಿಲ್ಲ. ಆಮೇಲೆ ಮೆಲ್ಲಗೆ, "ಸಾಕು," ಎಂದಳು. ನನ್ನ ಕಡೆ ತಿರುಗಿ, "ನಿನ್ನ ಕೈಯಲ್ಲಿ ಏನದು?" ಎಂದಳು.

ಕೊಟ್ಟೆ. ತ ಎಂದರೇನು, ಗೆರೆ ಎಂದರೇನು, ಹೇಳಿದೆ. ಅವನಿಗೂ ಅದರ ಅರ್ಥ ಆಗಲೇ ಗೊತ್ತಾದದ್ದು. ಅವಳು ಮೇ ತಿಂಗಳಿನಿಂದ ಪುಟ ತಿರುವುತ್ತ ಬಂದಳು. ಕೊನೆಯ ಪುಟಕ್ಕೆ ಬಂದು ನನ್ನನ್ನು ಕೇಳಿದಳು: "ಇದನ್ನ ಇಷ್ಟು ದಿನ ಇಟ್ಕೊಂಡು ಏನು ಮಾಡ್ತಿದ್ದೆ?"

ಮಾಸ್ಕನ್ನು ಕೈಯಲ್ಲಿ ತಿರುಗಿಸುತ್ತ ಅವನೆಂದ: "ಇನ್ನು ಮೂರು ಇನ್ನಿಂಗ್ಸ್ ಇತ್ತು." ಆಮೇಲೆ, "ಸ್ಕೌಟ್ ಇನ್ನೂ ಇದ್ದಾನಾ?" ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ.

ಅಂಪೈರನ ಕಾಲರ್ ಬೋನ್ ಮುರಿದಿತ್ತು. ಕುತ್ತಿಗೆಯ ಕಡೆಗೆ ಇನ್ನೊಂದು ಇಂಚು ಸರಿದು ಬಿದ್ದಿದ್ದರೆ ಎಂದು ಎಲ್ಲರೂ ಹೇಳಿದರು. ನಾನು ಅದನ್ನು ಮುಂದುವರಿಸಿ ಬರೆದಿಲ್ಲ. ಸೋಮವಾರ ಲೀಗಿನ ಡಾಕ್ಟರ್ ನೋಡಿ ಇನ್ನು ಆಡುವಂತಿಲ್ಲ ಎಂದರು. ಮಂಗಳವಾರ ಅವನ ಅಕ್ಕ ಒಹಾಯೋದಿಂದ ಕಾರಿನಲ್ಲಿ ಬಂದು ಕರೆದುಕೊಂಡು ಹೋದಳು. ಅಮ್ಮ ಡಬ್ಬಿಯಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಟ್ಟಳು. ಅವನು ಅಮ್ಮನನ್ನು ಅಪ್ಪಿಕೊಂಡ, ಅಪ್ಪನ ಕೈ ಕುಲುಕಿದ. ನನ್ನ ಮುಂದೆ ನಿಂತು, "ಅವತ್ತು ನೀನು ತಲೆಯಾಡಿಸಿದ್ರೆ ಸಾಕಿತ್ತು," ಎಂದ. ಕೋಪದಲ್ಲಿ ಅಲ್ಲ.

ಕಾರು ತಿರುವು ದಾಟಿದ ಮೇಲೆ ಅಮ್ಮ ಬೇಸ್‌ಮೆಂಟಿಗಿಳಿದು ಕಿಟಕಿಗಳ ಟವೆಲ್ ತೆಗೆದಳು. ನಾಲ್ಕನೆಯ ದಿನ, "ನಾ ಕೇಳಿದಾಗರ ಹೇಳಬೇಕಾಗಿತ್ತು," ಎಂದಳು, ಅಷ್ಟೇ.

ಸೆಪ್ಟೆಂಬರ್ ಹನ್ನೊಂದು, ಗುರುವಾರ, ಸಂಜೆ ಆರಕ್ಕೆ ಅವನ ಅಕ್ಕನ ಫೋನ್ ಬಂತು. ನರರೋಗದ ಡಾಕ್ಟರಿಗೆ ಒಂದು ಫಾರ್ಮ್ ತುಂಬಿಸಬೇಕು, ಯಾವ ಯಾವ ದಿನ ಪೆಟ್ಟಾಯಿತು ಎಂದು. ಅವನಿಗೆ ಹೇಳಲಾಗುತ್ತಿಲ್ಲ, ನಿನ್ನ ಹತ್ತಿರ ಲೆಕ್ಕವಿದೆ ಎಂದು ಟ್ರೈನರ್ ಹೇಳಿದಳು ಎಂದಳು. ನಾನು ಸ್ಕೋರ್‌ಬುಕ್ ತೆರೆದು ಓದಿದೆ. ತಾರೀಖು, ಇನ್ನಿಂಗ್ಸ್, ಎಲ್ಲಿ ಬಡಿಯಿತು. ಅವಳು ಬರೆದುಕೊಳ್ಳುವಷ್ಟು ಹೊತ್ತು ಕಾಯುತ್ತಿದ್ದೆ. ಮೂವತ್ತೊಂಬತ್ತು ಓದಲು ಮುಕ್ಕಾಲು ಗಂಟೆ ಹಿಡಿಯಿತು. ಆ ಕಡೆ ಹಿನ್ನೆಲೆಯಲ್ಲಿ ಟೀವಿ ಸದ್ದಿತ್ತು. ಯಾರೋ ಅದನ್ನು ಆಫ್ ಮಾಡಿ, ಮತ್ತೆ ಹಾಕಿ, ಮತ್ತೆ ಆಫ್ ಮಾಡಿದರು.

"ಇದು ಮೇ ಒಂಬತ್ತರಿಂದ ಶುರು," ಎಂದಳು ಅವಳು. "ಅದಕ್ಕಿಂತ ಹಿಂದಿನದು?"

"ನನ್ನ ಹತ್ತಿರ ಅಷ್ಟೇ ಇರೋದು. ನಾನು ನೋಡಿದ್ದು ಅಷ್ಟೇ."

"ಹನ್ನೊಂದು ವರ್ಷ ಆಡಿದ್ದಾನೆ."

"ಹೌದು."

"ಬೇರೆ ಊರುಗಳಲ್ಲಿ ಯಾರಾದ್ರೂ ಹೀಗೆ ಬರೆದಿಟ್ಟಿರ್ತಾರಾ?"

ಅವಳು ಕಾಗದ ಮಗುಚಿದ ಸದ್ದು ಕೇಳಿತು. ಫಾರ್ಮಿನಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಚೌಕ ಇದೆ, ಖಾಲಿ ಬಿಡಲಾ ಎಂದು ಕೇಳಿದಳು. ಖಾಲಿ ಬಿಟ್ಟರೆ ಪೆಟ್ಟೇ ಆಗಿಲ್ಲ ಎಂದು ಓದುತ್ತಾರೆ, ಬಿಡಬೇಡಿ ಎಂದೆ. ಒಂದೊಂದರಲ್ಲೂ "ಗೊತ್ತಿಲ್ಲ" ಎಂದು ಬರೆಯಿರಿ ಎಂದೆ. ಅವಳು ಬರೆಯತೊಡಗಿದಳು. ಪ್ರತಿ ವರ್ಷವನ್ನೂ ಬಾಯಿಬಿಟ್ಟು ಹೇಳಿ, ಬರೆದು, ಮುಂದಿನದಕ್ಕೆ ಹೋಗುತ್ತಿದ್ದಳು. ಕೊನೆಯದು ಮುಗಿಯುವವರೆಗೂ ನಾನು ಫೋನ್ ಇಡಲಿಲ್ಲ.